ಕೆರೆಯ ಮೀನು ಯಾರ ಪಾಲು?

(ಬೆಸ್ತರು ಮತ್ತು ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕೆರೆ ಕಟ್ಟಿದವರು ನಮ್ಮ ಹಿರಿಯರು. ಹೂಳೆತ್ತುವವರು, ಬಲೆ ಬೀಸುವವರು ನಾವು. ಹರಾಜಿನಲ್ಲಿ ಹೆಚ್ಚು ಕೂಗಿದವನೇ ಮೀನಿನ ಒಡೆಯನಾಗುವುದು ಯಾವ ನ್ಯಾಯ? ಇದನ್ನು ಕೇಳುವ ಮೊದಲು ಮೀನಿನ ಬದುಕನ್ನು ನಾವು ಅರಿಯಬೇಕು. ಕೆಲಸ ಬಲ್ಲವನ ಹಕ್ಕಿನ ಮಾತಿಗೆ ಬಲ ಹೆಚ್ಚು.

ಕಾಟ್ಲಾ, ರೋಹು, ಮೃಗಾಲ್ ಮೂರೂ ಗೆಂಡೆ ಜಾತಿಯವು. ಕಾಟ್ಲಾ ಮೇಲ್ನೀರಿನಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ ಮೇಯುತ್ತವೆ. ಆದ್ದರಿಂದ ಒಂದೇ ನೀರಿನಲ್ಲಿ ಮೂರಕ್ಕೂ ಮೇವುಂಟು. ಸಾಕಣೆ ಕೊಳಕ್ಕೆ ಹೆಕ್ಟೇರಿಗೆ ಸುಮಾರು 5,000 ಬೆರಳುದ್ದದ ಮರಿಗಳನ್ನು 4:3:3ರ ಪ್ರಮಾಣದಲ್ಲಿ ಬಿಡುವುದು ರೂಢಿ. ಹದವಾಗಿ ಸಗಣಿ ಗೊಬ್ಬರ ಹಾಕಿದರೆ ನೀರಿನಲ್ಲೇ ಮೇವು ಹುಟ್ಟುತ್ತದೆ. ಮರಿಯೂ ಗೊಬ್ಬರವೂ ಮಿತಿಮೀರಿದರೆ ರಾತ್ರಿ ನೀರಿನ ಆಮ್ಲಜನಕ ಇಳಿದು, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಆಗ ಗೊಬ್ಬರ, ತಿಂಡಿ ನಿಲ್ಲಿಸಿ ಹೊಸ ನೀರು ಹಾಯಿಸಬೇಕು.

ಈ ಮೀನುಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಅವಕ್ಕೆ ಮಳೆಗಾಲದ ಹೊಳೆ ಬೇಕು. 1957ರ ಜುಲೈ 10ರಂದು ಒರಿಸ್ಸಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿಯವರು ಪಿಟ್ಯುಟರಿ ಗ್ರಂಥಿಯ ರಸವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆ ಇಡಿಸಿದರು. ಹೊಳೆಯ ಹಂಗಿಲ್ಲದೆ ಮೀನುಮರಿ ಪಡೆಯುವ ದಾರಿ ಆಗ ತೆರೆಯಿತು. ಆ ವಿಜ್ಞಾನ ಸಾರ್ವಜನಿಕರ ಹಣದಿಂದ ಬೆಳೆದದ್ದು. ಅದರ ಫಲ ಸಾಹುಕಾರನೊಬ್ಬನ ಮನೆಗೆ ಹೋಗಬಾರದು.

ಮರಿ ಮಾರಾಟಕ್ಕೆ ಬರುವಷ್ಟು ಬೆಳೆಯಲು ಸುಮಾರು ವರ್ಷ ಬೇಕು. ಮುಂದಿನ ವರ್ಷ ಕೆರೆ ತನ್ನದಲ್ಲವೆಂದು ಬಲ್ಲ ಗುತ್ತಿಗೆದಾರ ಸಣ್ಣ ಕಣ್ಣಿನ ಬಲೆ ಎಳೆದು ಮರಿಯನ್ನೂ ಬಿಡದೆ ಬಾಚುತ್ತಾನೆ. ನಾಳೆಯೂ ಅದೇ ಕೆರೆಯಲ್ಲಿ ಬದುಕಬೇಕಾದವನು ಹಾಗೆ ಮಾಡಲಾರ. ಆದುದರಿಂದ ಕೆರೆಗಳು ದೀರ್ಘಾವಧಿಗೆ ಬೆಸ್ತರ ಸಹಕಾರ ಸಂಘಗಳಿಗೇ ಸಿಗಬೇಕು.

ನಮ್ಮ ತಪ್ಪನ್ನೂ ಮುಚ್ಚಿಡುವುದು ಬೇಡ. ಸಂಘದ ಹೆಸರು ನಮ್ಮದು, ಬಂಡವಾಳ ಸಾಹುಕಾರನದು ಎಂದಾದರೆ ಒಡೆಯ ಬದಲಾಗಲಿಲ್ಲ, ಬೋರ್ಡು ಮಾತ್ರ ಬದಲಾಯಿತು. ಲೆಕ್ಕದ ಪುಸ್ತಕ ಪ್ರತಿ ಸದಸ್ಯನ ಮುಂದೆ ತೆರೆದಿರಲಿ.

ರೈತ ಬಾಂಧವರಿಗೂ ಒಂದು ಬಿನ್ನಹ. ನಿಮ್ಮ ಗದ್ದೆಗೆ ನೀರು ಬೇಡವೆಂದು ನಾವು ಹೇಳುವುದಿಲ್ಲ. ತೂಬು ಎತ್ತುವಾಗ ತಳದಲ್ಲಿ ಮೀನು ಬದುಕುವಷ್ಟು ನೀರು ಉಳಿಸಿರಿ. ಆ ಮಟ್ಟವನ್ನು ಇಬ್ಬರೂ ಕುಳಿತು ಗೊತ್ತುಮಾಡೋಣ. ನಾವಿಬ್ಬರೂ ಜಗಳವಾಡಿದರೆ ಲಾಭ ಮೂರನೆಯವನಿಗೆ.