ಬೆಟ್ಟದ ಮೇಲೆ ಬಿರುಮಳೆ ಬಂದಾಗ

ಕಾರ್ತಿಕ ಮಾಸ ಬಂತೆಂದರೆ ನೀಲಗಿರಿಯಲ್ಲಿ ಹಿಂಗಾರು ಮಳೆ, ಜೊತೆಗೆ ಚಳಿ. 2009ರ ನವೆಂಬರ್ 10ರಂದು ಕೇತ್ತಿಯಲ್ಲಿ ಒಂದೇ ದಿನದ ಲೆಕ್ಕಕ್ಕೆ 82 ಸೆಂಟಿಮೀಟರ್ ಮಳೆ ದಾಖಲಾಯಿತು. ಆ ದಿನಗಳಲ್ಲಿ ಗುಡ್ಡಗಳು ಜರಿದು ಜಿಲ್ಲೆಯಲ್ಲಿ 40ಕ್ಕೂ ಹೆಚ್ಚು ಮಂದಿ ಜೀವ ಕಳೆದುಕೊಂಡರು.

ಗುಡ್ಡ ಜರಿಯುವ ಮುನ್ನ ಅನೇಕ ಸಲ ಗುರುತು ಕೊಡುತ್ತದೆ. ಅಂಗಳದಲ್ಲಿ ಹೊಸ ಬಿರುಕು, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ವಾಲಿದ ಮರ, ತಿಳಿಯಾಗಿದ್ದ ಒರತೆಯಲ್ಲಿ ಕೆಂಪು ನೀರು. ಇವನ್ನು ಕಂಡರೆ ಸಾಮಾನು ಕಟ್ಟುತ್ತ ಕೂರಬೇಡಿ. ಹಳ್ಳದ ದಾರಿ ಬಿಟ್ಟು ಗಟ್ಟಿ ನೆಲಕ್ಕೆ ಹೋಗಿ. ತಮಿಳಿನಲ್ಲಿ ‘ಮಣ್ ಸರಿವು’ ಎಂದು ಸಾರಿದರೆ ಅದು ಗುಡ್ಡ ಜರಿತದ ಎಚ್ಚರಿಕೆಯೇ. ಮನೆಯ ಹಿರಿಯರಿಗೂ ತಿಳಿಸಿ ಹೇಳಿ.

ಇನ್ನೊಂದು ಮಾತು. ಕರೆಂಟ್ ಹೋಗಿ ಚಳಿ ಏರಿದಾಗ ಕೆಂಡದ ಅಗ್ಗಿಷ್ಟಿಕೆಯನ್ನು ಕೋಣೆಯೊಳಗಿಟ್ಟು, ಬಾಗಿಲು ಮುಚ್ಚಿ ಮಲಗುವುದುಂಟು. ಹೊಗೆ ಇಲ್ಲವೆಂದು ನಂಬಬೇಡಿ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ನಿದ್ದೆಯಲ್ಲೇ ಕೊಲ್ಲಬಲ್ಲದು. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ಕೂಡಲೇ ಎಲ್ಲರೂ ಹೊರಗಾಳಿಗೆ ಬನ್ನಿ, ವೈದ್ಯರಿಗೆ ತೋರಿಸಿ. ಮಲಗುವ ಮುನ್ನ ಕೆಂಡವನ್ನು ಹೊರಗಿಡಿ. ಕಂಬಳಿ ಹೊದ್ದು ಮನೆಮಂದಿಯೆಲ್ಲ ಒಟ್ಟಿಗೆ ಮಲಗಿ.

ಹರಿದು ಬಿದ್ದ ತಂತಿಯ ಹತ್ತಿರ ಹೋಗಬೇಡಿ. ಜಿಲ್ಲಾ ನಿಯಂತ್ರಣ ಕೊಠಡಿಯ ದೂರವಾಣಿ 1077. ಮಕ್ಕಳ ಕೈಯಲ್ಲಿ ಅದನ್ನು ಗೋಡೆಯ ಮೇಲೆ ಬರೆಸಿಡಿ. ಹೋದ ಸಾಮಾನು ಮತ್ತೆ ಬಂದೀತು, ಹೋದ ಜೀವ ಬಾರದು.