ವಿಳಾಸ ಇಲ್ಲದವರ ಅರ್ಜಿ ಯಾರು ಬರೀಬೇಕು?



ರಾತ್ರಿ ಬುಲೆಟಿನ್ ಮುಗಿಸಿ, ಮೇಕಪ್ ಒರೆಸಿಕೊಂಡು, ಆಫೀಸ್ ಕ್ಯಾಬ್ ಹತ್ತಿ ನಾನು ಬನಶಂಕರಿಯಲ್ಲಿ ಇಳಿಯೋ ಹೊತ್ತಿಗೆ ದಿನಾ ಹನ್ನೆರಡು ದಾಟಿರುತ್ತೆ. ಬಸ್ ನಿಲ್ದಾಣದಿಂದ ಎರಡು ರಸ್ತೆ ದಾಟಿದರೆ ನಮ್ಮ ಮನೆ. ಆ ಎರಡು ರಸ್ತೆಯಲ್ಲಿ, ಶಟರ್ ಎಳೆದ ಅಂಗಡಿಗಳ ಮುಂದೆ, ಸಾಲಾಗಿ ಜನ ಮಲಗಿರುತ್ತಾರೆ. ಡಿಸೆಂಬರ್ ಚಳಿ. ಹೊದಿಕೆ ಅಂದ್ರೆ ಗೋಣಿಚೀಲ, ಇಲ್ಲಾ ಹಳೇ ಫ್ಲೆಕ್ಸ್ ಬ್ಯಾನರ್. ಯಾರದ್ದೋ ಹುಟ್ಟುಹಬ್ಬದ ಶುಭಾಶಯದ ಫ್ಲೆಕ್ಸ್ ಅದು. ನಾಯಕರು ಕೈ ಮುಗಿದು ನಗ್ತಾ ಇರ್ತಾರೆ, ಕೆಳಗೆ ಒಬ್ಬ ಮನುಷ್ಯ ಮುದುರಿ ಮಲಗಿರ್ತಾನೆ.

ಹೋದ ವಾರ ಅವರಲ್ಲಿ ಒಬ್ಬರು ಎದ್ದು ಕೂತು ಬೀಡಿ ಸೇದ್ತಾ ಇದ್ರು. ಐವತ್ತರ ಆಸುಪಾಸಿನ ವಯಸ್ಸು. ಪಕ್ಕದಲ್ಲಿ ನಿಂತೆ. "ಯಾವೂರು ಯಜಮಾನ್ರೆ?" ಅಂದೆ. ರಾಯಚೂರು ಕಡೆಯವರು. ಮಳೆ ಇಲ್ಲದ ವರ್ಷ ಊರು ಬಿಟ್ಟವರು. ಕಲ್ಯಾಣ ಮಂಟಪಗಳಲ್ಲಿ ಅಡುಗೆಯವರ ಕೈಕೆಳಗೆ ತರಕಾರಿ ಹೆಚ್ಚೋದು, ಪಾತ್ರೆ ತೊಳೆಯೋದು ಅವರ ಕೆಲಸ. ಜಯನಗರ, ಜೆ.ಪಿ. ನಗರದಲ್ಲಿ ನೀವು ಊಟ ಮಾಡಿ ಬಂದ ಎಷ್ಟೋ ಮದುವೆಗಳ ಕೋಸಂಬರಿಗೆ ಸೌತೆಕಾಯಿ ಹೆಚ್ಚಿದ್ದು ಇಂಥ ಕೈಗಳೇ.

ಅವರು ನನಗೆ ಹೇಳಿದ ಮೊದಲ ಮಾತು ಇದು. "ಸರ್ರ, ನಾವು ಭಿಕ್ಷಾ ಬೇಡಾವ್ರಲ್ರಿ. ದುಡಕೊಂಡ ತಿಂತೀವಿ. ಮಲಗಾಕ ಜಾಗಿಲ್ಲ, ಅಷ್ಟ ನೋಡ್ರಿ."

ರೂಮ್ ಮಾಡಬಾರದಾ ಅಂದೆ. "ರೂಮಿಗೆ ಅಡ್ವಾನ್ಸ್ ಕೇಳ್ತಾರ್ರಿ. ಈಗ ಧನುರ್ಮಾಸ. ಒಂದು ತಿಂಗಳು ಮದುವಿ ಇಲ್ಲ, ಕೆಲಸಾನೂ ಇಲ್ಲ. ಇದ್ದಿದ್ದನ್ನ ಊರಿಗೆ ಕಳಸ್ತೀನಿ" ಅಂದರು. ನಾನು ಅಲ್ಲಿವರೆಗೆ ಯೋಚನೆಯೇ ಮಾಡಿರಲಿಲ್ಲ. ಬೆಂಗಳೂರಿನಲ್ಲಿ ಚಳಿ ಜಾಸ್ತಿ ಇರೋ ತಿಂಗಳಲ್ಲೇ ಈ ಮನುಷ್ಯನ ಸಂಪಾದನೆ ನಿಂತುಹೋಗುತ್ತೆ.

ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಮುಂಚೆ ಅವರೆಲ್ಲ ಬೇರೆ ರಸ್ತೆಯಲ್ಲಿ ಮಲಗ್ತಿದ್ರಂತೆ. "ಟಿವ್ಯಾಗ ತೋರಿಸಿದ್ರಂತ್ರಿ. ಮರದಿನ ಗಾಡಿ ಬಂತು. ಚೀಲ, ಹಾಸಿಗಿ ಎಲ್ಲಾ ಒಯ್ದರು. ನನ್ನ ಆಧಾರ್ ಕಾರ್ಡ್ ಅದರಾಗ ಇತ್ತು."

ವೀಕ್ಷಕರೇ, ಆ ಸುದ್ದಿ ಓದಿದ್ದು ನಾನೇ. ಎರಡು ವರ್ಷದ ಹಿಂದೆ, "ಫುಟ್‌ಪಾತ್ ಯಾರಪ್ಪನ ಸ್ವತ್ತು?" ಅಂತ ತಲೆಬರಹ ಕೊಟ್ಟು, ಇದೇ ಕುರ್ಚಿಯಲ್ಲಿ ಕೂತು, ಜೋರು ದನಿಯಲ್ಲಿ ಓದಿದ್ದೆ. ಮರುದಿನ "ನಮ್ಮ ವರದಿಯ ಫಲಶ್ರುತಿ" ಅಂತ ಇನ್ನೊಂದು ಸುದ್ದಿ ಮಾಡಿದೆವು. ಫಲಶ್ರುತಿ ಏನು ಅನ್ನೋದು ಎರಡು ವರ್ಷ ಆದಮೇಲೆ ಗೊತ್ತಾಯ್ತು. ಒಬ್ಬ ಮನುಷ್ಯ ಒಂದು ರಸ್ತೆಯಿಂದ ಎದ್ದು ಪಕ್ಕದ ರಸ್ತೆಗೆ ಬಂದ, ಬರುವಾಗ ತನ್ನ ಗುರುತಿನ ಚೀಟಿ ಕಳೆದುಕೊಂಡ. ಅವರಿಗೆ ನನ್ನ ಮುಖದ ಗುರುತು ಸಿಗಲಿಲ್ಲ. ನಾನೂ ಹೇಳಲಿಲ್ಲ. ಹೇಳೋ ಧೈರ್ಯ ಬರಲಿಲ್ಲ.

ಅದಕ್ಕೇ ಇವತ್ತು ಕಿರುಚಾಟ ಬೇಡ. ಒಂದು ಲೆಕ್ಕ ಹಾಕೋಣ. ನಾನು ಓದಿದ್ದು ಎಂಜಿನಿಯರಿಂಗು, ಎಸ್ಟಿಮೇಟ್ ಮಾಡೋದು ಅಷ್ಟಿಷ್ಟು ಇನ್ನೂ ನೆನಪಿದೆ.

ಇಂಥವರಿಗೆ ದುಡ್ಡು ಇರಲಿಲ್ವಾ? ಇತ್ತು. ಕೇಂದ್ರ ಸರ್ಕಾರದ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ 2013ರಲ್ಲಿ ಶುರುವಾಯ್ತು. ಆಮೇಲೆ ಅದರ ಹೆಸರಿನ ಮುಂದೆ ದೀನದಯಾಳ್ ಅಂತ್ಯೋದಯ ಯೋಜನೆ ಅಂತ ಸೇರಿತು. ಪಾಲಿಕೆಯವರ ಬಾಯಲ್ಲಿ 'ಡೇ-ನಲ್ಮ್'. ಅದರಲ್ಲಿ ನಗರದ ವಸತಿರಹಿತರಿಗೆ ಆಶ್ರಯ ಕೇಂದ್ರ ಕಟ್ಟೋದಕ್ಕೆ ಅಂತಲೇ ಒಂದು ಭಾಗ ಇತ್ತು. ಖರ್ಚಿನಲ್ಲಿ ಕೇಂದ್ರದ ಪಾಲು ನೂರಕ್ಕೆ 60, ರಾಜ್ಯದ ಪಾಲು 40 ಇತ್ತು. ಕಟ್ಟಡಕ್ಕೆ ಮಾತ್ರ ಅಲ್ಲ, ನಡೆಸೋದಕ್ಕೂ ಹಣ ಇತ್ತು. 50 ಜನರ ಒಂದು ಕೇಂದ್ರಕ್ಕೆ ವರ್ಷಕ್ಕೆ 6 ಲಕ್ಷ ರೂಪಾಯಿ, ಐದು ವರ್ಷ.

6 ಲಕ್ಷವನ್ನ 50 ಜನಕ್ಕೆ, 365 ದಿನಕ್ಕೆ ಹಂಚಿ ನೋಡಿ. ಒಬ್ಬರಿಗೆ ಒಂದು ದಿನಕ್ಕೆ 33 ರೂಪಾಯಿ ಕೂಡ ಆಗಲ್ಲ. ಜಯನಗರದ ದರ್ಶಿನಿಯಲ್ಲಿ ಇಡ್ಲಿ-ವಡೆ ತಿಂದು ಕಾಫಿ ಕುಡಿದ್ರೆ ಅದಕ್ಕಿಂತ ಜಾಸ್ತಿ ಬಿಲ್ ಆಗುತ್ತೆ. ಅಷ್ಟು ಹಣದಲ್ಲಿ ಒಬ್ಬ ಮನುಷ್ಯನಿಗೆ ಒಂದು ರಾತ್ರಿ ಸೂರು, ದೀಪ, ನೀರು, ಶೌಚಾಲಯ ಮತ್ತು ಬಾಗಿಲಲ್ಲಿ ಒಬ್ಬ ಮೇಲ್ವಿಚಾರಕ.

ಜಾಗ ಎಷ್ಟು ಬೇಕು? ಒಬ್ಬರಿಗೆ ಕನಿಷ್ಠ 50 ಚದರ ಅಡಿ ಅಂದಿತ್ತು ಮಾರ್ಗಸೂಚಿ. 50 ಜನಕ್ಕೆ 2,500 ಚದರ ಅಡಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಹೆಚ್ಚುಕಡಿಮೆ ಒಂದು 40-60 ಸೈಟು. ಮೇಲೊಂದು ಮಹಡಿ ಎಬ್ಬಿಸಿದರೆ 30-40 ಸೈಟಿನಲ್ಲೂ ಮುಗಿಯುತ್ತೆ.

ಎಷ್ಟು ಕೇಂದ್ರ ಬೇಕು? ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ಜಾಗ ಇರಬೇಕು, ಅದೂ ರಾತ್ರಿ ಮಾತ್ರ ಅಲ್ಲ, ದಿನದ 24 ಗಂಟೆ, ವರ್ಷಪೂರ್ತಿ ತೆರೆದಿರಬೇಕು. ಪಿಯುಸಿಎಲ್ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲೇ ಈ ಅಳತೆಗೋಲು ಕೊಟ್ಟಿತು. 2011ರ ಜನಗಣತಿಯಲ್ಲಿ ಬಿಬಿಎಂಪಿ ವ್ಯಾಪ್ತಿಯ ಜನಸಂಖ್ಯೆ 84 ಲಕ್ಷ. ಅಂದ್ರೆ 84 ಕೇಂದ್ರ, 8,400 ಹಾಸಿಗೆ. ಇದು 2011ರ ಜನಸಂಖ್ಯೆಯ ಲೆಕ್ಕ. ನಿಮ್ಮ ಮನೆ ಹತ್ತಿರ ಎಲ್ಲಿದೆ ಅಂಥ ಕೇಂದ್ರ? ನೆನಪು ಮಾಡಿಕೊಳ್ಳಿ.

ದುಡ್ಡಿದ್ದೂ ಕೆಲಸ ಆಗದೇ ಇದ್ದದ್ದಕ್ಕೇ 2016ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಕೈಲಾಶ್ ಗಂಭೀರ್ ಅವರ ಸಮಿತಿ ಮಾಡಿ, ದೇಶದ ಆಶ್ರಯ ಕೇಂದ್ರಗಳನ್ನ ಪರಿಶೀಲಿಸೋಕೆ ಹೇಳಿತು. ಹಾಗಾದ್ರೆ ತೊಡಕು ಎಲ್ಲಿ?

ಈ ಹಣ ತಾನಾಗಿ ಹರಿದು ಬರ್ತಿರಲಿಲ್ಲ. ಯಾರಾದರೂ ಕೇಳಬೇಕಿತ್ತು. ಕೇಳೋದಕ್ಕೆ ಒಂದು ದಾರಿ ಇತ್ತು. ಮೊದಲು ಹೊರಗಿನ ಸಂಸ್ಥೆಯಿಂದ ವಸತಿರಹಿತರ ಸಮೀಕ್ಷೆ ಆಗಬೇಕಿತ್ತು. ಆಮೇಲೆ ಪಾಲಿಕೆ ಜಾಗವನ್ನೋ ಖಾಲಿ ಕಟ್ಟಡವನ್ನೋ ಗುರುತಿಸಬೇಕಿತ್ತು. ಯೋಜನಾ ವರದಿ ತಯಾರಾಗಬೇಕಿತ್ತು. ಅದಕ್ಕೆ ರಾಜ್ಯ ಮಟ್ಟದ ಸಮಿತಿ ಮಂಜೂರಾತಿ ಕೊಡಬೇಕಿತ್ತು. ಕಟ್ಟಡ ಎದ್ದಮೇಲೆ ನಡೆಸೋಕೆ ಒಂದು ಸಂಸ್ಥೆಯನ್ನ ಆರಿಸಬೇಕಿತ್ತು. ನನ್ನ ಪ್ರಕಾರ ಸಿಕ್ಕಿಬೀಳ್ತಿದ್ದದ್ದು ಮೊದಲ ಎರಡು ಮೆಟ್ಟಿಲಲ್ಲಿ.

ಮೊದಲನೇದು ಎಣಿಕೆ. ಇವರನ್ನ ಹಗಲು ಹೊತ್ತು ಎಣಿಸಿದರೆ ಸಿಗಲ್ಲ. ಹಗಲಲ್ಲಿ ಅವರು ಹಮಾಲಿ, ಗಾರೆ ಕೆಲಸದವರು, ಹೋಟೆಲ್ ಕ್ಲೀನರ್. ವಸತಿರಹಿತರಾಗೋದು ರಾತ್ರಿ ಹನ್ನೊಂದರ ಮೇಲೆ. 2011ರಲ್ಲಿ ಜನಗಣತಿಯವರು ಸೂರಿಲ್ಲದವರನ್ನ ಎಣಿಸಿದ್ದು ಫೆಬ್ರವರಿ 28ರ ರಾತ್ರಿ. ದೇಶದಲ್ಲಿ 17 ಲಕ್ಷ 70 ಸಾವಿರಕ್ಕೂ ಹೆಚ್ಚು, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು ಅಂತ ಲೆಕ್ಕ ಬಂತು. ಒಂದೇ ರಾತ್ರಿಯ ಲೆಕ್ಕ ಅದು. ಆ ರಾತ್ರಿ ಮೆಟ್ಟಿಲ ಕೆಳಗೆ, ಲಾರಿಯ ಒಳಗೆ, ಅರ್ಧ ಕಟ್ಟಿದ ಕಟ್ಟಡದಲ್ಲಿ ಮಲಗಿದವರನ್ನ ಯಾರು ಎಣಿಸಿದರೋ. ಎಣಿಕೆಯಲ್ಲಿ ಇಲ್ಲದವರಿಗೆ ಅನುದಾನದಲ್ಲೂ ಜಾಗ ಇಲ್ಲ.

ಎರಡನೇದು ಜಾಗ. ಇಲ್ಲಿ ಅಧಿಕಾರಿಗಳನ್ನ ಮಾತ್ರ ಬೈದರೆ ನ್ಯಾಯ ಆಗಲ್ಲ. ಇದರಲ್ಲಿ ನಮ್ಮ ಪಾಲೂ ಇದೆ. "ಒಳ್ಳೆ ಕೆಲಸ ಸರ್, ಆದ್ರೆ ನಮ್ಮ ಬಡಾವಣೆಯಲ್ಲಿ ಬೇಡ" ಅಂತ ನಮ್ಮ ಕಾರ್ಯಕ್ರಮಕ್ಕೇ ಎಷ್ಟೋ ಜನ ಫೋನ್ ಮಾಡಿದ್ದಾರೆ. ಅವರ ಭಯ ಸುಳ್ಳು ಅಂತ ನಾನು ಹೇಳಲ್ಲ. ಕಳ್ಳತನ, ಕುಡಿತ, ಹೆಣ್ಣುಮಕ್ಕಳ ಓಡಾಟ, ಎಲ್ಲರಿಗೂ ಚಿಂತೆ ಇರುತ್ತೆ. ಆದರೆ ಒಂದು ಯೋಚಿಸಿ. ಅವರು ಈಗಾಗಲೇ ನಿಮ್ಮ ಬಡಾವಣೆಯಲ್ಲೇ ಮಲಗ್ತಾ ಇದ್ದಾರೆ. ಕತ್ತಲಲ್ಲಿ, ಹೆಸರಿಲ್ಲದೆ, ಶೌಚಾಲಯ ಇಲ್ಲದೆ. ಕೇಂದ್ರ ಬಂದರೆ ಹೆಸರು ಬರೆಯೋ ಪುಸ್ತಕ ಇರುತ್ತೆ, ಕಾವಲಿಗೆ ಒಬ್ಬರು ಇರ್ತಾರೆ, ದೀಪ ಇರುತ್ತೆ. ನಿಮ್ಮ ಭಯಕ್ಕೆ ಎರಡರಲ್ಲಿ ಯಾವುದು ಮದ್ದು?

ಇವರನ್ನ ಊರಾಚೆ ಸಾಗಿಸಿದರೂ ಆಗಲ್ಲ. ಮಾರುಕಟ್ಟೆ, ಬಸ್ ನಿಲ್ದಾಣ, ಕೆಲಸ ಸಿಗೋ ಜಾಗದ ಹತ್ತಿರವೇ ಕೇಂದ್ರ ಇರಬೇಕು ಅಂತ ಮಾರ್ಗಸೂಚಿಯೇ ಹೇಳಿತ್ತು. ಜಯನಗರಕ್ಕೆ 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅಡಿಗಲ್ಲು ಹಾಕಿದರು. ಯೋಜನೆ ಮಾಡಿ ಕಟ್ಟಿದ ಬಡಾವಣೆ ಅಂತ ನಮಗೆಲ್ಲ ಹೆಮ್ಮೆ. ಪಾರ್ಕಿಗೆ ಜಾಗ ಇದೆ, ಮಾರ್ಕೆಟ್ಟಿಗೆ ಇದೆ, ಆಟದ ಮೈದಾನಕ್ಕೆ ಇದೆ. ಮಾರ್ಕೆಟ್ಟಿನಲ್ಲಿ ಮೂಟೆ ಹೊತ್ತವನು ರಾತ್ರಿ ಎಲ್ಲಿ ಮಲಗಬೇಕು ಅಂತ ಯಾರೂ ಬರೆದಿಡಲಿಲ್ಲ. ಜಯದೇವ, ನಿಮ್ಹಾನ್ಸ್ ಆಸ್ಪತ್ರೆಗಳಿಗೆ ದೂರದ ಜಿಲ್ಲೆಗಳಿಂದ ರೋಗಿಗಳ ಜೊತೆ ಬರುವ ಬಡವರ ಕಥೆಯೂ ಅದೇ. ಚೇತರಿಸಿಕೊಳ್ಳುವ ರೋಗಿಗಳಿಗೆ, ಅವರ ಮನೆಯವರಿಗೆ ಬೇರೆಯೇ ಕೇಂದ್ರ ಮಾಡೋದಕ್ಕೂ ಇದೇ ಯೋಜನೆಯಲ್ಲಿ ಅವಕಾಶ ಇತ್ತು.

"ನಾವು ತೆರಿಗೆ ಕಟ್ತೀವಿ, ಇನ್ನೇನು ಮಾಡಬೇಕು?" ಅಂತ ಕೇಳಬಹುದು. ನಿಮ್ಮ ಆಸ್ತಿ ತೆರಿಗೆಯ ಲೆಕ್ಕ ಒಮ್ಮೆ ಬಿಡಿಸಿ ನೋಡಿ. ಆರೋಗ್ಯ ಕರ, ಗ್ರಂಥಾಲಯ ಕರದ ಜೊತೆ ಭಿಕ್ಷುಕರ ಕರ ಅಂತ ಒಂದು ಸೇರಿರುತ್ತೆ. ನೂರಕ್ಕೆ 3. ತೆರಿಗೆ 10,000 ಇದ್ದರೆ ಇದು 300. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಿಂದ ಬಂದ ಕರ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರದಂಥ ಕಡೆಗಳಿಗೆ ಹೋಗೋ ಹಣ. ಭಿಕ್ಷೆ ಬೇಡೋರನ್ನ ಹಿಡಿದು ಒಳಗಿಡೋ ಕಾನೂನು ಅದು. 2010ರ ಆಗಸ್ಟ್‌ನಲ್ಲಿ ಆ ಕೇಂದ್ರದಲ್ಲಿ ಸಾಲುಸಾಲಾಗಿ ಜನ ಸತ್ತಾಗ ನಾನಿನ್ನೂ ವಿದ್ಯಾರ್ಥಿ. ಪತ್ರಿಕೆ ಓದಿ ಎರಡು ದಿನ ಬೇಜಾರು ಮಾಡಿಕೊಂಡು ಮರೆತೆ. ಬನಶಂಕರಿಯ ಯಜಮಾನರು ಮೊದಲ ಮಾತಿಗೇ "ನಾವು ಭಿಕ್ಷಾ ಬೇಡಾವ್ರಲ್ರಿ" ಅಂದಿದ್ದು ಯಾಕೆ ಅಂತ ಈಗ ಅರ್ಥ ಆಗ್ತಿದೆ. ಗಾಡಿ ಬಂದರೆ ಭಿಕ್ಷುಕ ಯಾರು, ಕೂಲಿ ಯಾರು ಅಂತ ಕತ್ತಲಲ್ಲಿ ಯಾರು ನೋಡ್ತಾರೆ?

ಹೊಟ್ಟೆಯ ವಿಷಯದಲ್ಲಿ ನಮ್ಮ ಊರು ಇದನ್ನ ಮಾಡಿ ತೋರಿಸಿದೆ. 2017ರ ಆಗಸ್ಟ್‌ನಲ್ಲಿ ಇಲ್ಲೇ ಜಯನಗರದ ಕನಕನಪಾಳ್ಯದಲ್ಲಿ ಮೊದಲ ಇಂದಿರಾ ಕ್ಯಾಂಟೀನ್ ಶುರುವಾಯ್ತು. 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಆ ಯೋಜನೆಯಲ್ಲಿ ಹುಳುಕು ಇರಬಹುದು, ಚರ್ಚೆ ಮಾಡೋಣ. ಯಾವ ಪಕ್ಷ ಅನ್ನೋದನ್ನ ಪಕ್ಕಕ್ಕಿಡಿ. ವಾರ್ಡಿಗೊಂದು ಅಂತ ಮನಸ್ಸು ಮಾಡಿದಾಗ ಪಾಲಿಕೆಗೆ ಜಾಗ ಸಿಕ್ಕಿತು. ಅನ್ನಕ್ಕೆ ಸಿಕ್ಕ ಜಾಗ ನಿದ್ದೆಗೆ ಯಾಕೆ ಸಿಗಲ್ಲ?

ಈಗ ನನ್ನ ತಲೆಬರಹದ ಪ್ರಶ್ನೆಗೆ ಬರ್ತೀನಿ. ಅರ್ಜಿ ಯಾರು ಬರೀಬೇಕು? ಆ ಯಜಮಾನರು ಬರೆಯೋಕಾಗಲ್ಲ. ಯಾವ ಅರ್ಜಿಯಾದ್ರೂ ಮೊದಲು ಕೇಳೋದು ವಿಳಾಸ, ಆಮೇಲೆ ಆಧಾರ್. ಆಶ್ರಯ ಕೇಂದ್ರದಲ್ಲಿ ಹಾಸಿಗೆ ಸಿಕ್ಕರೆ ಅಲ್ಲಿಂದ ಗುರುತಿನ ಚೀಟಿ, ಪಡಿತರ ಚೀಟಿ, ಮತದಾರರ ಪಟ್ಟಿ, ಬ್ಯಾಂಕ್ ಖಾತೆ ಮಾಡಿಸಿಕೊಡಬೇಕು ಅಂತ ನಿಯಮ ಇತ್ತು. ಅಂದ್ರೆ ಆ ಕೇಂದ್ರವೇ ಅವರ ಮೊದಲ ವಿಳಾಸ. ಅದು ಬರೋವರೆಗೂ ಅವರ ಪರವಾಗಿ ವಿಳಾಸ ಇರೋ ನಾವೇ ಕೇಳಬೇಕು.

ಕೇಳೋ ಜಾಗವೂ ಇದೆ. ಅದು ವಾರ್ಡ್ ಸಮಿತಿ. 2019ರಲ್ಲಿ ಅದು ತಿಂಗಳ ಮೊದಲ ಶನಿವಾರ ಸಭೆ ಸೇರಬೇಕಿತ್ತು. ಕಸ, ಹೊಂಡ, ಬೀದಿದೀಪದ ಜೊತೆ ಇದನ್ನೂ ಕೇಳಿ. ನಮ್ಮ ವಾರ್ಡಿನಲ್ಲಿ ರಾತ್ರಿ ಸಮೀಕ್ಷೆ ಆಗಿದೆಯಾ? ಪಾಲಿಕೆಯ ಯಾವ ಕಟ್ಟಡ ಖಾಲಿ ಬಿದ್ದಿದೆ? ಪ್ರಸ್ತಾವನೆ ಕಳಿಸಿದ್ದೀರಾ, ಕಳಿಸಿದ್ದರೆ ಯಾವ ಮೇಜಿನ ಮೇಲಿದೆ? ಉತ್ತರ ಸಿಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಕೇಂದ್ರ ತೆರೆದ ಮೇಲೂ ಬಿಡಬೇಡಿ. ಹಣ ಮುಗಿದ ಮೇಲೆ ಯಾರು ನಡೆಸ್ತಾರೆ ಅಂತ ಮೊದಲ ದಿನವೇ ಬರೆಸಿಕೊಳ್ಳಿ.

 ನಮ್ಮ ವಾರ್ಡಿನ ಸಭೆಗೆ ನಾನು ಹೋಗ್ತಾ ಇದ್ದೀನಿ. ಕ್ಯಾಮೆರಾ ತಗೊಂಡು ಹೋಗಲ್ಲ. ಕೈಯಲ್ಲಿ ಒಂದು ಅರ್ಜಿ ಇರುತ್ತೆ, ಕೆಳಗೆ ನನ್ನ ಮನೆ ವಿಳಾಸ ಇರುತ್ತೆ. ಅದಕ್ಕೆ ಮುಂಚೆ ಇವತ್ತು ರಾತ್ರಿ ಆ ಯಜಮಾನರ ಹತ್ತಿರ ನಿಂತು, ಎರಡು ವರ್ಷದ ಹಿಂದೆ ಆ ಸುದ್ದಿ ಓದಿದ್ದು ನಾನು ಅಂತ ಹೇಳಬೇಕು. ಅವರು ಏನಂತಾರೋ ಗೊತ್ತಿಲ್ಲ.

ನಿಮ್ಮ ವಾರ್ಡಿನಲ್ಲಿ ನೀವು ಹೋಗ್ತೀರಾ?