ತಪ್ಪು ಹಳೆಯ ಪೋರ್ಟ್‌ನಲ್ಲಿದೆ

ನೆಟ್‌ವರ್ಕ್ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಈ ಮಾತು. ಆಫೀಸಿನಲ್ಲಿ ಒಬ್ಬರು ಮೇಜು ಬದಲಿಸಿ, ಲ್ಯಾಪ್‌ಟಾಪಿಗೆ ಅಲ್ಲಿನ ಕೇಬಲ್ ಸಿಕ್ಕಿಸಿದರು. ಸಿಸ್ಕೋ ಸ್ವಿಚ್‌ನ ಆ ಪೋರ್ಟ್ 'ಎರ್-ಡಿಸೇಬಲ್ಡ್' ಆಯಿತು. ಅವರ ಕೆಲಸ ನಿಂತಿದೆ, ಎಲ್ಲರೂ ನಿಮ್ಮನ್ನೇ ನೋಡುತ್ತಿದ್ದಾರೆ. ನೀವು ಶಟ್‌ಡೌನ್, ನೋ ಶಟ್‌ಡೌನ್ ಕೊಡುತ್ತೀರಿ. ಪೋರ್ಟ್ ಎದ್ದು ಮತ್ತೆ ಬೀಳುತ್ತದೆ. ಪಾಪ, ಅದರ ತಪ್ಪಿಲ್ಲ! ಹಳೆಯ ಪೋರ್ಟ್‌ನಲ್ಲಿ 'ಸ್ಟಿಕಿ' ಇದ್ದರೆ, ಕೇಬಲ್ ಕಿತ್ತರೂ ಮ್ಯಾಕ್ ವಿಳಾಸ ಅಲ್ಲೇ ಅಂಟಿಕೊಂಡಿರುತ್ತದೆ. ಅದೇ ವಿಲ್ಯಾನ್‌ನ ಇನ್ನೊಂದು ಸೆಕ್ಯೂರ್ ಪೋರ್ಟ್‌ನಲ್ಲಿ ಆ ವಿಳಾಸ ಕಂಡರೆ ಸ್ವಿಚ್ ಕಳ್ಳನೆಂದೇ ಎಣಿಸುತ್ತದೆ. ಬೇಸತ್ತು ಪೋರ್ಟ್ ಸೆಕ್ಯುರಿಟಿಯನ್ನೇ ತೆಗೆದುಹಾಕಬೇಡಿ. 'ಶೋ ಪೋರ್ಟ್-ಸೆಕ್ಯುರಿಟಿ ಅಡ್ರೆಸ್' ಕೊಟ್ಟು ಹಳೆಯ ಪೋರ್ಟ್ ಹುಡುಕಿ, ಅಲ್ಲಿ ವಿಳಾಸ ಅಳಿಸಿ, ಆಮೇಲೆ ಹೊಸದನ್ನು ಎಬ್ಬಿಸಿ. ಕಾನ್ಫಿಗ್ ಸೇವ್ ಮಾಡಿ. ಇಲ್ಲದಿದ್ದರೆ, ಹಿಂದೆ ಸೇವ್ ಆಗಿದ್ದ ವಿಳಾಸ ಸ್ವಿಚ್ ರೀಬೂಟ್ ಆದಾಗ ಮತ್ತೆ ಹಾಜರ್.